ತುಕ್ರಾಕ್ಕೆ ಎದುರಾಗಿ ಗುಲಗಂಜಿ ಹುಳು: ಕುಂಬಳಕಾಯಿಯ ಮೇಲೆ ಒಂದು ಸಾಕಣೆ ಗೂಡು

ಬೇಸಿಗೆ ಏರುತ್ತ ಹೋದಂತೆ ಹಿಪ್ಪುನೇರಳೆ ತೋಟದಲ್ಲಿ ಕೆಲವು ಗಿಡಗಳ ಕುಡಿ ನೆಟ್ಟಗೆ ಬೆಳೆಯುವುದನ್ನು ಬಿಟ್ಟು ಗಂಟುಗಂಟಾಗಿ ಮುದುಡಿಕೊಳ್ಳುತ್ತದೆ. ಎಲೆ ದಪ್ಪವಾಗಿ, ಕಡು ಹಸಿರಾಗಿ, ಸುಕ್ಕುಗಟ್ಟಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿಬಿಡುತ್ತದೆ. ರೇಷ್ಮೆ ಬೆಳೆಗಾರರಿಗೆ ಇದು ತುಕ್ರಾ ಎಂದೇ ಪರಿಚಿತ. ಇದಕ್ಕೆ ಕಾರಣ ಶಿಲೀಂಧ್ರವಲ್ಲ. ಮ್ಯಾಕೊನೆಲಿಕಾಕಸ್ ಹಿರ್ಸುಟಸ್ ಎಂಬ ಗುಲಾಬಿ ಮೈಯ ಹಿಟ್ಟು ತಿಗಣೆ. ಕುಡಿಯ ರಸ ಹೀರುವಾಗ ಅದು ಗಿಡದೊಳಕ್ಕೆ ಬಿಡುವ ಜೊಲ್ಲಿನಲ್ಲಿರುವ ವಿಷವೇ ಎಲೆಯನ್ನು ಹೀಗೆ ವಿಕಾರಗೊಳಿಸುತ್ತದೆ. ಮುದುಡಿದ ಎಲೆಯ ಮಡಿಕೆಗಳು ಮತ್ತೆ ಅದೇ ತಿಗಣೆಗೆ ಮನೆಯಾಗುತ್ತವೆ. ಮೇಲಿನಿಂದ ಸಿಂಪಡಿಸಿದ ದ್ರಾವಣ ಆ ಮಡಿಕೆಗಳೊಳಗೆ ಇಳಿಯುವುದು ಕಷ್ಟ, ಇಳಿದರೂ ತಿಗಣೆಯ ಮೈಮೇಲಿನ ಮೇಣದ ಹಿಟ್ಟು ಅದನ್ನು ತಡೆಯುತ್ತದೆ.

ಬೇರೆ ಬೆಳೆಯಾಗಿದ್ದರೆ ಇನ್ನೂ ಬಲವಾದ ಔಷಧಿಯ ಮಾತು ಬರುತ್ತಿತ್ತು. ಹಿಪ್ಪುನೇರಳೆಯಲ್ಲಿ ಆ ದಾರಿ ಅರ್ಧಕ್ಕೇ ಮುಚ್ಚಿದೆ, ಏಕೆಂದರೆ ನಾವು ಬೆಳೆಯುವ ಎಲೆಯನ್ನು ತಿನ್ನುವುದೂ ಒಂದು ಕೀಟವೇ. ತಿಗಣೆಯನ್ನು ಕೊಲ್ಲುವ ಔಷಧಿಯ ಅಂಶ ಎಲೆಯಲ್ಲಿ ಉಳಿದಿದ್ದರೆ ಅದು ರೇಷ್ಮೆ ಹುಳುವನ್ನೂ ಬಿಡುವುದಿಲ್ಲ. ಅಂಶ ಕರಗುವವರೆಗೆ ಕಾದರೆ ಚಾಕಿ, ಅಂದರೆ ಎಳೆಯ ಹುಳುವಿನ ಸಾಕಣೆಯ ಹಂತ, ಮುಗಿದು ಬಂದ ಹುಳಕ್ಕೆ ಸೊಪ್ಪಿರುವುದಿಲ್ಲ. ಹೀಗಾಗಿ ಹಿಪ್ಪುನೇರಳೆಗೆ ಮೊದಲಿನಿಂದಲೂ ಶಿಫಾರಸಾಗಿರುವ ಉಪಾಯಗಳಲ್ಲಿ ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುಗಳನ್ನು ತೋಟಕ್ಕೆ ಬಿಡುವುದೂ ಒಂದು. ಕ್ರಿಪ್ಟೊಲೀಮಸ್ ಮಾಂಟ್ರೊಜಿಯರಿ ಎಂಬ ಜಾತಿಯಾದರೆ ಎಕರೆಗೆ 250 ವಯಸ್ಕ ಹುಳು, ನಮ್ಮಲ್ಲಿಯ ಪುಟ್ಟ ಸಿಮ್ನಸ್ ಕಾಕ್ಸಿವೊರಾ ಆದರೆ 500, ಎರಡು ಕಂತುಗಳಲ್ಲಿ ಆರು ತಿಂಗಳ ಅಂತರದಲ್ಲಿ ಬಿಡಬೇಕು ಎಂಬುದು ಬಳಕೆಯಲ್ಲಿರುವ ಲೆಕ್ಕ. ಹುಳುಗಳನ್ನು ಕೊಂಡು ತರಲು ಸಾಧ್ಯವಿದೆ. ಆದರೆ ತಿಗಣೆ ಹೆಚ್ಚುವ ಹೊತ್ತಿಗೆ ಅವು ಕೈಯಲ್ಲಿರಬೇಕು, ಅದೂ ಪ್ರಯಾಣದಲ್ಲಿ ಸೊರಗದೆ ಇರಬೇಕು. ಆದ್ದರಿಂದ ಒಂದು ಸಣ್ಣ ಸಾಕಣೆ ಗೂಡನ್ನು ಮನೆಯಲ್ಲೇ ಕಟ್ಟಿದೆ. ಅದನ್ನು ಕಟ್ಟಿದ ಬಗೆ, ಕಟ್ಟುವಾಗ ತೆಗೆದುಕೊಂಡ ತೀರ್ಮಾನಗಳು ಮತ್ತು ಆ ತೀರ್ಮಾನಗಳ ಹಿಂದಿರುವ ಜೀವಿಗಳ ನಂಟುಗಳು ಈ ಬರಹದ ವಿಷಯ.

ಗೂಡಿನ ಅಳತೆಗೆ ಹೋಗುವ ಮುನ್ನ ಒಂದು ತುಕ್ರಾ ಕುಡಿಯ ಮೇಲೆ ಯಾರು ಯಾರಿದ್ದಾರೆ ಎಂಬುದನ್ನು ಹೇಳಬೇಕು, ಏಕೆಂದರೆ ಮರ, ಬಲೆ, ನೀರಿನ ಬಟ್ಟಲು ಎಲ್ಲವೂ ಅವರನ್ನು ನೋಡಿಕೊಂಡೇ ನಿರ್ಧಾರವಾದವು. ತಿಗಣೆ ಗಿಡದ ರಸವನ್ನು ಬೇಕಾದುದಕ್ಕಿಂತ ಹೆಚ್ಚು ಹೀರುತ್ತದೆ. ರಸದಲ್ಲಿ ಸಕ್ಕರೆ ಹೇರಳ, ಸಾರಜನಕ ಕಡಿಮೆ. ಹೆಚ್ಚಾದ ಸಕ್ಕರೆಯನ್ನು ಅದು ಸಿಹಿ ಸ್ರಾವವಾಗಿ ಹೊರಹಾಕುತ್ತದೆ. ಆ ಸ್ರಾವ ಕೆಳಗಿನ ಎಲೆಗಳ ಮೇಲೆ ಬಿದ್ದರೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೀಳುವ ಮುಂಚೆ ಸಿಕ್ಕರೆ ಇರುವೆ ಕುಡಿಯುತ್ತದೆ. ಕುಡಿಯುವ ಇರುವೆ ತನ್ನ ಆಹಾರದ ಮೂಲವನ್ನು ಕಾಯುತ್ತದೆ: ಗುಲಗಂಜಿ ಹುಳು ಬಂದರೆ ಕಚ್ಚಿ ಓಡಿಸುತ್ತದೆ, ತಿಗಣೆಯ ಮೈಯಲ್ಲಿ ಮೊಟ್ಟೆಯಿಡಲು ಬಂದ ಪುಟ್ಟ ಕಣಜಕ್ಕೆ ನಿಲ್ಲಲು ಬಿಡುವುದಿಲ್ಲ. ಹೀಗೆ ಒಂದು ಕುಡಿಯ ಮೇಲೆ ಗಿಡ, ತಿಗಣೆ, ಇರುವೆ, ಬೂಷ್ಟು, ಗುಲಗಂಜಿ ಹುಳು, ಕಣಜ ಎಲ್ಲವೂ ಒಂದಕ್ಕೊಂದು ಕೊಂಡಿಯಾಗಿವೆ. ಇವುಗಳಲ್ಲಿ ಯಾವುದನ್ನು ತೆಗೆದರೆ ಕುಡಿಯ ಸ್ಥಿತಿ ಅತಿ ಹೆಚ್ಚು ಬದಲಾಗುತ್ತದೆ ಎಂದು ಕೇಳಿದರೆ ಬಹಳ ಮಂದಿ ತಿಗಣೆಯ ಕಡೆಗೋ ಗುಲಗಂಜಿ ಹುಳುವಿನ ಕಡೆಗೋ ಬೆರಳು ತೋರಿಸುತ್ತಾರೆ. ನನ್ನ ಉತ್ತರ ಇರುವೆ.

ಕ್ರಿಪ್ಟೊಲೀಮಸ್ ನಮ್ಮ ನೆಲದ್ದಲ್ಲ, ಆಸ್ಟ್ರೇಲಿಯಾದ್ದು. ಆಲ್ಬರ್ಟ್ ಕೋಬೆಲೆ 1890ರ ದಶಕದ ಆರಂಭದಲ್ಲಿ ಅದನ್ನು ಕ್ಯಾಲಿಫೋರ್ನಿಯಾದ ನಿಂಬೆ ಜಾತಿಯ ತೋಟಗಳಿಗೆ ಒಯ್ದ. ಭಾರತಕ್ಕೆ ಅದು 1898ರಲ್ಲಿ ಬಂದಿತು. ಇಲ್ಲಿಗೆ ತಂದದ್ದು ಹಿಟ್ಟು ತಿಗಣೆಗಾಗಿ ಅಲ್ಲ, ಕಾಫಿಯ ಹಸಿರು ಶಲ್ಕ ಕೀಟವನ್ನು ಹತೋಟಿಗೆ ತರಲು. ಆ ಕೆಲಸದಲ್ಲಿ ಹೆಸರು ಮಾಡದ ಹುಳು ದಕ್ಷಿಣದ ಗುಡ್ಡಗಾಡುಗಳಲ್ಲಿ ಹಿಟ್ಟು ತಿಗಣೆಗಳನ್ನು ಹುಡುಕಿಕೊಂಡು ನೆಲೆಯೂರಿತು. ವಯಸ್ಕ ಹುಳು ಸುಮಾರು 4 ಮಿಲಿಮೀಟರ್ ಉದ್ದ. ರೆಕ್ಕೆಯ ಕವಚ ಕಪ್ಪು, ತಲೆ ಮತ್ತು ಕವಚದ ತುದಿ ಕಿತ್ತಳೆ ಬಣ್ಣ. ಇದರ ಮರಿಹುಳು ಮಾತ್ರ ತಾಯಿತಂದೆಯನ್ನು ಹೋಲುವುದಿಲ್ಲ. ಮೈತುಂಬ ಬಿಳಿ ಮೇಣದ ಎಳೆಗಳನ್ನು ಹೊತ್ತು ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಇರುವೆಗಳು ವಯಸ್ಕ ಹುಳುವಿನ ಮೇಲೆ ಎರಗುವಷ್ಟು ಈ ಮರಿಹುಳುವಿನ ಮೇಲೆ ಎರಗುವುದಿಲ್ಲ. ಎರಗಿದರೂ ಬಾಯಿಗೆ ಮೇಣ ಮೆತ್ತಿಕೊಂಡು ಹಿಂದೆ ಸರಿಯುತ್ತವೆ.

ಇನ್ನು ಗೂಡು. ಒಂದೇ ದೊಡ್ಡ ಪೆಟ್ಟಿಗೆ ಮಾಡಿ, ಅದರಲ್ಲಿ ತಿಗಣೆ ಹತ್ತಿದ ಕುಂಬಳಕಾಯಿಗಳನ್ನಿಟ್ಟು, ಹುಳುಗಳನ್ನು ಬಿಟ್ಟು, ಬೇಕಾದಾಗಲೆಲ್ಲ ತೆಗೆದುಕೊಳ್ಳುವುದು ಸುಲಭವೆಂದು ಯಾರಿಗಾದರೂ ಮೊದಲು ತೋಚುತ್ತದೆ. ಆದರೆ ಅಂಥ ಪೆಟ್ಟಿಗೆ ನಿಲ್ಲುವುದಿಲ್ಲ ಎಂಬುದು 1934ರಿಂದಲೇ ತಿಳಿದಿರುವ ವಿಷಯ. ಮಾಸ್ಕೊದ ಗಾಸೆ ಎಂಬ ಜೀವವಿಜ್ಞಾನಿ ಗಾಜಿನ ನಳಿಕೆಯಲ್ಲಿ ಪ್ಯಾರಮೀಸಿಯಂ ಮತ್ತು ಅದನ್ನು ನುಂಗುವ ಡಿಡಿನಿಯಂ ಎಂಬ ಏಕಕೋಶ ಜೀವಿಗಳನ್ನು ಒಟ್ಟಿಗೆ ಬೆಳೆಸಿದ. ಬೇಟೆಗಾರ ಬೇಟೆಯನ್ನೆಲ್ಲ ತಿಂದು ಮುಗಿಸಿ ತಾನೂ ಹಸಿವಿನಿಂದ ಸತ್ತಿತು. ತಳದಲ್ಲಿ ಬೇಟೆಗೆ ಅಡಗಲು ಗಸಿ ಇದ್ದಾಗ ಬೇಟೆ ಉಳಿಯಿತು, ಬೇಟೆಗಾರ ಸತ್ತಿತು. ಹೊರಗಿನಿಂದ ಆಗಾಗ ಎರಡನ್ನೂ ಸ್ವಲ್ಪ ಸ್ವಲ್ಪ ಸೇರಿಸುತ್ತಿದ್ದಾಗ ಮಾತ್ರ ಇಬ್ಬರೂ ಏರಿಳಿಯುತ್ತ ಮುಂದುವರಿದರು. ನನ್ನ ಗೂಡಿನ ವಿನ್ಯಾಸ ಈ ಮೂರನೆಯ ಸ್ಥಿತಿಯದು. ತಿಗಣೆ ಬೆಳೆಯುವ ಪೆಟ್ಟಿಗೆ ಬೇರೆ, ಹುಳು ಮೊಟ್ಟೆಯಿಟ್ಟು ಮರಿ ಬೆಳೆಯುವ ಪೆಟ್ಟಿಗೆ ಬೇರೆ, ಹೊರಬಂದ ಹುಳುಗಳನ್ನು ತೋಟಕ್ಕೆ ಬಿಡುವವರೆಗೆ ಇಡುವ ಪೆಟ್ಟಿಗೆ ಬೇರೆ. ಒಂದರಿಂದ ಇನ್ನೊಂದಕ್ಕೆ ಜೀವಿಗಳು ತಾವಾಗಿ ಹೋಗುವಂತಿಲ್ಲ. ಕಾಯಿಯನ್ನೋ ಹುಳುವನ್ನೋ ಕೈಯಿಂದಲೇ ಸಾಗಿಸಬೇಕು.

ಪೆಟ್ಟಿಗೆಯ ಚೌಕಟ್ಟಿಗೆ ಹಳೆಯ ರೇಷ್ಮೆ ಸ್ಟ್ಯಾಂಡಿನ ಮರದ ಪಟ್ಟಿಗಳನ್ನು ಬಳಸಿದೆ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಎರಡು ಮಧ್ಯಮ ಗಾತ್ರದ ಸಿಹಿ ಕುಂಬಳಕಾಯಿ ಒಂದಕ್ಕೊಂದು ತಾಗದೆ ಕೂರಬೇಕು ಎಂಬುದೇ ಅಳತೆಯ ಆಧಾರ. ತಳ ಮತ್ತು ಹಿಂಬದಿ ಪ್ಲೈವುಡ್, ಮುಂಬದಿ ಗಾಜು, ಎರಡು ಪಕ್ಕ ಮತ್ತು ಮೇಲ್ಭಾಗ ಬಟ್ಟೆ. ರೇಷ್ಮೆ ಹುಳುವಿನ ಶತ್ರುವಾದ ಊಜಿ ನೊಣ ಒಳಬಾರದಂತೆ ಸಾಕಣೆ ಮನೆಗೆ ಕಟ್ಟುವ ನೈಲಾನ್ ಬಲೆ ಮನೆಯಲ್ಲಿ ಇತ್ತಾದರೂ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಗತಾನೆ ಮೊಟ್ಟೆಯೊಡೆದ ತಿಗಣೆಯ ಮರಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಆ ಬಲೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ. ಒತ್ತಾಗಿ ನೇಯ್ದ ಹತ್ತಿಯ ಮಲ್ಮಲ್ ಬಟ್ಟೆಯನ್ನು ಎರಡು ಪದರ ಮಾಡಿ, ಅಂಚನ್ನು ಪಟ್ಟಿಗೆ ಮೊಳೆ ಹೊಡೆದು, ಮೊಳೆಯ ಸಾಲಿನ ಮೇಲೆ ಫೆವಿಕಾಲ್ ಎಳೆದೆ. ಹಿಂಬದಿಯ ಪ್ಲೈವುಡ್ಡಿನಲ್ಲಿ ಕೈ ಹೋಗುವಷ್ಟು ರಂಧ್ರ ಕೊರೆದು ಅದಕ್ಕೆ ಹಳೆಯ ಅಂಗಿಯ ತೋಳನ್ನು ಜೋಡಿಸಿದ್ದೇನೆ; ಕೆಲಸವಿಲ್ಲದಾಗ ತೋಳಿಗೆ ಗಂಟು ಹಾಕಿದರೆ ಬಾಗಿಲು ಮುಚ್ಚಿದಂತೆ. ಕಾಯಿ ಇಡಲು ಮೇಲಿನ ಚೌಕಟ್ಟನ್ನು ಕೀಲು ಹಾಕಿ ಎತ್ತುವಂತೆ ಮಾಡಿ, ಅದು ಕೂರುವ ಅಂಚಿಗೆ ತೆಳು ಫೋಮ್ ಪಟ್ಟಿ ಅಂಟಿಸಿದೆ.

ಮುಂಬದಿಗೆ ಗಾಜು ಇಟ್ಟದ್ದು ನನಗೆ ಕಾಣಲಿ ಎಂಬುದಕ್ಕಿಂತ ಹೆಚ್ಚಾಗಿ ಅವುಗಳಿಗೆ ಬೆಳಕು ಕಾಣಲಿ ಎಂಬುದಕ್ಕೆ. ತಿಗಣೆಯ ತೆವಳುವ ಮರಿಗಳೂ ವಯಸ್ಕ ಗುಲಗಂಜಿ ಹುಳುಗಳೂ ಬೆಳಕಿನತ್ತ ಸರಿಯುತ್ತವೆ. ಪೆಟ್ಟಿಗೆಯ ಒಂದೇ ಬದಿಯಿಂದ ಬೆಳಕು ಬಂದರೆ ಎಲ್ಲವೂ ಅಲ್ಲಿ ಕೂಡುತ್ತವೆ, ಹಿಂಬದಿಯ ತೋಳಿನ ಮೂಲಕ ಕೈ ಹಾಕುವಾಗ ತಪ್ಪಿಸಿಕೊಳ್ಳುವ ಪ್ರಮೇಯ ಕಡಿಮೆ. ಆದ್ದರಿಂದ ಗಾಜು ಉತ್ತರದ ಕಿಟಕಿಯತ್ತ, ತೋಳು ಗೋಡೆಯ ಕಡೆಯ ನೆರಳಿನತ್ತ. ನೇರ ಬಿಸಿಲು ಬೀಳಬಾರದು. ಈ ಹುಳುಗಳಿಗೆ 22ರಿಂದ 28 ಡಿಗ್ರಿಯ ಹವೆ ಹಿತ. ಬೇಸಿಗೆಯ ಮಧ್ಯಾಹ್ನ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹೊದಿಸುತ್ತೇನೆ. ಸಾಕಣೆ ಮನೆಯೊಳಗೆ ಈ ಪೆಟ್ಟಿಗೆಗಳನ್ನು ಇಡಬಾರದು. ಅಲ್ಲಿ ಪ್ರತಿ ಬೆಳೆಗೂ ಮುಂಚೆ ಸೋಂಕು ನಿವಾರಕ ಸಿಂಪಡಿಸಿಯೇ ತೀರುತ್ತೇವೆ. ಜೊತೆಗೆ ತಿಗಣೆ ತುಂಬಿದ ಪೆಟ್ಟಿಗೆಯನ್ನು ಸೊಪ್ಪು ತಂದು ಇಳಿಸುವ ಜಾಗದಲ್ಲಿ ಇಡುವುದು ವಿವೇಕವಲ್ಲ. ಹಿಂದಿನ ಜಗಲಿಯ ಕೋಣೆಯೇ ಸೂಕ್ತವಾಯಿತು.

ಕುಂಬಳಕಾಯಿಯ ಆಯ್ಕೆಯಲ್ಲಿ ಸ್ವಲ್ಪ ಹಟ ಬೇಕು. ನುಣುಪಾದ ಕಾಯಿ ಬೇಡ; ಏಣು ಮತ್ತು ತಗ್ಗು ಎದ್ದುಕಾಣುವ ಕಾಯಿ ಬೇಕು, ಏಕೆಂದರೆ ತಿಗಣೆ ಸಂದಿ ಹುಡುಕಿಕೊಂಡು ಕೂರುವ ಜೀವಿ. ತೊಟ್ಟು ಇರಬೇಕು, ಸಿಪ್ಪೆ ಗಾಯವಾಗಿರಬಾರದು. ತೊಳೆದು, ಕಾರ್ಬೆಂಡೆಜಿಮ್ ಎಂಬ ಶಿಲೀಂಧ್ರನಾಶಕದ 0.1 ಶೇಕಡಾ ದ್ರಾವಣದಲ್ಲಿ, ಅಂದರೆ ಲೀಟರಿಗೆ ಒಂದು ಗ್ರಾಮಿನಂತೆ, ಅದ್ದಿ ನೆರಳಲ್ಲಿ ಒಣಗಿಸಬೇಕು. ಗೀರುಗಳಿದ್ದರೆ ಕರಗಿಸಿದ ಮೇಣ ಹಚ್ಚಬೇಕು. ಇಷ್ಟು ಮಾಡಿದ ಕಾಯಿ ಎರಡು ತಿಂಗಳವರೆಗೂ ಗಟ್ಟಿಯಾಗಿ ನಿಲ್ಲಬಲ್ಲದು. ಮಾಡದಿದ್ದರೆ ಸಿಹಿ ಸ್ರಾವದ ಜಿಗುಟಿನಲ್ಲಿ ಬೂಷ್ಟು ಹತ್ತಿ ಹುಳುವಿನ ಮರಿಗಳು ಕೋಶಕ್ಕೆ (ಪ್ಯೂಪಾ ಹಂತಕ್ಕೆ) ಹೋಗುವ ಮೊದಲೇ ಕಾಯಿ ಕೊಳೆತು ಕುಸಿಯುತ್ತದೆ. ಹಿಪ್ಪುನೇರಳೆಯ ಕಡ್ಡಿಯನ್ನೇ ನೀರಿನಲ್ಲಿಟ್ಟು ತಿಗಣೆ ಬೆಳೆಸಬಾರದೇ ಎಂದು ಕೇಳುವವರಿದ್ದಾರೆ. ಕಡ್ಡಿ ಕೆಲವೇ ದಿನಗಳಲ್ಲಿ ಬಾಡುತ್ತದೆ. ಕುಂಬಳಕಾಯಿ ತನ್ನೊಳಗೇ ರಸವನ್ನು ಹೊತ್ತಿದೆ.

ತಿಗಣೆಯನ್ನು ಕಾಯಿಗೆ ಹತ್ತಿಸಲು ತುಕ್ರಾ ಕುಡಿಗಳನ್ನು ಕತ್ತರಿಸಿ ತಂದು, ಮಡಿಕೆಗಳನ್ನು ಬಿಡಿಸಿ, ಹತ್ತಿಯಂತಿರುವ ಮೊಟ್ಟೆ ಚೀಲಗಳನ್ನು ಮಾತ್ರ ಸೂಜಿಯಿಂದ ಎತ್ತಿ ಕಾಯಿಯ ತಗ್ಗುಗಳಲ್ಲಿ ಇಟ್ಟೆ. ಇಡೀ ಕುಡಿಯನ್ನೇ ಕಾಯಿಯ ಮೇಲೆ ಹಾಕಿಬಿಡುವುದು ವಾಡಿಕೆ. ಅದು ಬೇಗ ಮುಗಿಯುವ ಕೆಲಸವೂ ಹೌದು. ಆದರೆ ಕುಡಿಯೊಂದಿಗೆ ಅದರ ಮೇಲಿನ ಇಡೀ ಸಂಸಾರ ಪೆಟ್ಟಿಗೆಯೊಳಕ್ಕೆ ಬರುತ್ತದೆ. ಮೊಟ್ಟೆ ಚೀಲವೊಂದರಲ್ಲಿ ಕೆಲವು ನೂರು ಮೊಟ್ಟೆಗಳಿರುವುದರಿಂದ ಹೆಚ್ಚು ಚೀಲಗಳೂ ಬೇಕಾಗುವುದಿಲ್ಲ. ಒಂದು ವಾರದೊಳಗೆ ಮೊಟ್ಟೆಯೊಡೆದ ಮರಿಗಳು ಕಾಯಿಯ ಮೇಲೆಲ್ಲ ಹರಡಿ, ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕಾಯಿ ಬೆಳ್ಳಗಾಗುತ್ತದೆ.

ಈ ಹಂತದಲ್ಲಿ ಇರುವೆ ಬರುತ್ತದೆ. ಕೋಣೆಯಲ್ಲಿ ಅಲ್ಲಿಯವರೆಗೆ ಒಂದೂ ಕಾಣದಿದ್ದರೂ, ಸಿಹಿ ಸ್ರಾವ ಸುರಿಯತೊಡಗಿದ ಕೂಡಲೇ ಗೋಡೆಯ ಬಿರುಕಿನಿಂದ ಸಾಲು ಹೊರಡುತ್ತದೆ. ರೇಷ್ಮೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುವುದು ನಮಗೆ ಹೊಸದೇನಲ್ಲ. ಅದನ್ನೇ ಇಲ್ಲಿಯೂ ಮಾಡಿದ್ದೇನೆ. ಪೆಟ್ಟಿಗೆಗಳು ಕೂರುವ ಮೇಜಿನ ನಾಲ್ಕೂ ಕಾಲುಗಳು ಅಗಲವಾದ ಬಟ್ಟಲುಗಳಲ್ಲಿವೆ. ಬರಿಯ ನೀರು ಸಾಲದು: ನೀರಿನ ಮೇಲೆ ಧೂಳಿನ ಪೊರೆ ಕಟ್ಟಿದರೆ ಚಿಕ್ಕ ಇರುವೆಗಳು ಅದರ ಮೇಲೆಯೇ ನಡೆದು ದಾಟುತ್ತವೆ. ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸಾಬೂನು ಹಾಕಿದರೆ ಆ ಪೊರೆ ನಿಲ್ಲುವುದಿಲ್ಲ. ಮೇಜು ಗೋಡೆಗೆ ತಾಗಬಾರದು, ಮೇಲಿನಿಂದ ದಾರ ತೂಗಬಾರದು, ಹೊದಿಸಿದ ಗೋಣಿಯ ಅಂಚು ನೆಲಕ್ಕೆ ಇಳಿಯಬಾರದು. ಇಂಥ ಸೇತುವೆಗಳನ್ನು ಹುಡುಕುವುದರಲ್ಲಿ ಇರುವೆಗೆ ಸರಿಸಾಟಿಯಿಲ್ಲ.

ಇಷ್ಟೇಕೆ ಎಚ್ಚರ? ಬಟ್ಟೆಯ ಒಳಗೆ ಇರುವೆ ಹೋಗಲಾರದಲ್ಲ ಎನ್ನಬಹುದು. ಹೊರಗಿನಿಂದಲೇ ಅದು ಹಾನಿ ಮಾಡುತ್ತದೆ. ಬಟ್ಟೆಗೆ ತಾಗಿ ಕೂತ ಹುಳುವಿನ ಕಾಲನ್ನು ಹೊರಗಿನಿಂದಲೇ ಕಚ್ಚುತ್ತದೆ; ಫೋಮ್ ಪಟ್ಟಿಯನ್ನು ಕೊರೆಯುತ್ತದೆ; ದಾರಿ ಸಿಕ್ಕ ಮೇಲೆ ಹುಳುವಿನ ಮೊಟ್ಟೆಗಳನ್ನೂ ಬಿಡುವುದಿಲ್ಲ. ತೋಟದಲ್ಲಿಯೂ ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಇರುವೆ ಓಡಾಡುವ ಸಾಲಿನಲ್ಲಿ ತುಕ್ರಾ ಕುಡಿಯನ್ನು ಬಿಡಿಸಿ ನೋಡಿದರೆ ತಿಗಣೆಗಳ ಮೈ ಸ್ವಚ್ಛವಾಗಿರುತ್ತದೆ, ಮಡಿಕೆಯಲ್ಲಿ ಸ್ರಾವ ನಿಂತಿರುವುದಿಲ್ಲ, ಕಣಜ ಕೊರೆದು ಹೊರಬಂದ ಒಣ ಸಿಪ್ಪೆಗಳು ಅಪರೂಪ. ಇರುವೆಯಿಲ್ಲದ ಸಾಲಿನಲ್ಲಿ ತಿಗಣೆ ತನ್ನದೇ ಜಿಗುಟಿನಲ್ಲಿ ಸಿಲುಕಿ ಬೂಷ್ಟು ಹಿಡಿದಿರುತ್ತದೆ, ಗುಲಗಂಜಿ ಹುಳುವಿನ ಮರಿಗಳೂ ಕಾಣುತ್ತವೆ. ಇರುವೆ ತಿಗಣೆಗೆ ಒಂದೇ ಉಪಕಾರವನ್ನು ಮಾಡುತ್ತಿಲ್ಲ. ಶುಚಿ ಮತ್ತು ಕಾವಲು ಎರಡನ್ನೂ ಒದಗಿಸುತ್ತಿದೆ.

ತಿಗಣೆಯ ಪೆಟ್ಟಿಗೆಗೆ ಕರೆಯದೆ ಬರುವ ಇನ್ನಿಬ್ಬರಿದ್ದಾರೆ. ಮೊದಲನೆಯವರು ಅನಾಗೈರಸ್ ಕುಲದ ಕಣಜಗಳು. ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಇವು ಕುಡಿಯೊಂದಿಗೆ ಬಂದ ತಿಗಣೆಗಳ ಹೊಟ್ಟೆಯಲ್ಲಿ ಅಡಗಿ ಪೆಟ್ಟಿಗೆಯನ್ನು ಸೇರುತ್ತವೆ. ತೋಟದಲ್ಲಿ ಇವು ನನ್ನ ಪಾಲಿನ ಮಿತ್ರರು, ಪೆಟ್ಟಿಗೆಯಲ್ಲಿ ಕಳ್ಳರು: ಹುಳುಗಳಿಗೆಂದು ಬೆಳೆಸಿದ ತಿಗಣೆಗಳನ್ನು ಇವು ಒಳಗಿನಿಂದ ಖಾಲಿ ಮಾಡುತ್ತವೆ. ಬರಿಯ ಮೊಟ್ಟೆ ಚೀಲಗಳನ್ನು ಎತ್ತಿ ಹಾಕುವ ಕಷ್ಟ ಇವುಗಳನ್ನು ಹೊರಗಿಡುವುದಕ್ಕಾಗಿಯೇ. ಎರಡನೆಯದು ಸ್ಪಾಲ್ಗಿಸ್ ಎಪಿಯಸ್ ಎಂಬ ಸಣ್ಣ ಬೂದು ಚಿಟ್ಟೆ. ಚಿಟ್ಟೆಯ ಹುಳು ಎಂದರೆ ಎಲೆ ತಿನ್ನುವುದು ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ; ಇದರ ಹುಳು ಎಲೆಯನ್ನು ಮುಟ್ಟದೆ ಹಿಟ್ಟು ತಿಗಣೆಗಳನ್ನೇ ತಿಂದು ಬೆಳೆಯುತ್ತದೆ, ಮೈಗೂ ಬಿಳಿಯ ಹಿಟ್ಟನ್ನೇ ಬಳಿದುಕೊಂಡಿರುತ್ತದೆ. ಕೋಶವಾದಾಗ ಅದನ್ನು ಮೇಲಿನಿಂದ ನೋಡಿದರೆ ಪುಟ್ಟ ಕೋತಿಯ ಮುಖದಂತೆ ಕಾಣುತ್ತದೆ. ಇದು ಸಿಕ್ಕಾಗಲೆಲ್ಲ ಕೋಶವಿರುವ ತೊಗಟೆಯ ತುಂಡನ್ನು ಹಾಗೆಯೇ ತೋಟದ ದಾಸವಾಳದ ಬೇಲಿಗೆ ಸಿಕ್ಕಿಸಿ ಬರುತ್ತೇನೆ, ಕೊಲ್ಲಲು ಕಾರಣವಿಲ್ಲ.

ಕಾಯಿ ಬೆಳ್ಳಗಾದ ಮೇಲೆ ಅದನ್ನು ಎರಡನೆಯ ಪೆಟ್ಟಿಗೆಗೆ ಸಾಗಿಸಿ, ವಯಸ್ಕ ಹುಳುಗಳನ್ನು ಒಂದು ಹಗಲು ಒಂದು ರಾತ್ರಿ ಮಾತ್ರ ಅದರೊಂದಿಗೆ ಬಿಡುತ್ತೇನೆ. ಹೆಣ್ಣು ಹುಳುಗಳು ತಿಗಣೆಯ ಮೊಟ್ಟೆ ಚೀಲದ ಹತ್ತಿಯೊಳಗೇ ತಮ್ಮ ಮೊಟ್ಟೆಗಳನ್ನು ಸೇರಿಸುತ್ತವೆ. ಮರಿ ಹೊರಬಂದಾಗ ಎದುರಿಗೇ ಊಟವಿರುತ್ತದೆ. ಅವಧಿ ಮುಗಿದ ಕೂಡಲೇ ವಯಸ್ಕ ಹುಳುಗಳನ್ನು ಹಿಂದಕ್ಕೆ ತೆಗೆಯಬೇಕು. ತೆಗೆಯದಿದ್ದರೆ ಎರಡು ಕೇಡು: ತಾಯಂದಿರೇ ಊಟದ ಪಾಲನ್ನು ತಿಂದುಬಿಡುತ್ತವೆ, ಮತ್ತು ಬೇರೆ ಬೇರೆ ದಿನ ಹುಟ್ಟಿದ ಮರಿಗಳು ಒಂದೇ ಕಾಯಿಯಲ್ಲಿ ಸೇರಿ ದೊಡ್ಡವು ಚಿಕ್ಕವನ್ನು ತಿನ್ನುತ್ತವೆ. ಊಟ ಕಡಿಮೆಯಾದಾಗ ಈ ಮರಿಗಳಿಗೆ ತಮ್ಮ ಜಾತಿ, ಪರಜಾತಿ ಎಂಬ ಭೇದವಿಲ್ಲ. ಒಂದೇ ವಯಸ್ಸಿನವಾಗಿದ್ದು ತಿಗಣೆ ಹೇರಳವಾಗಿದ್ದರೆ ಮಾತ್ರ ಒಟ್ಟಿಗೆ ಬೆಳೆಯುತ್ತವೆ. ಮೊಟ್ಟೆಯೊಡೆಯಲು ಐದಾರು ದಿನ, ಮರಿಹುಳುವಾಗಿ ಸುಮಾರು ಎರಡು ವಾರ, ಕೋಶದಲ್ಲಿ ಒಂದು ವಾರಕ್ಕೂ ಮೇಲೆ. ಹೀಗೆ ಹೆಚ್ಚುಕಡಿಮೆ ತಿಂಗಳಿಗೆ ಹೊಸ ಹುಳು ಸಿದ್ಧ. ಕೋಶಕ್ಕೆ ಹೋಗಲು ಮರೆ ಬೇಕಾದ್ದರಿಂದ ಪೆಟ್ಟಿಗೆಯ ತಳದಲ್ಲಿ ಒಣಗಿದ ಸೀಬೆ ಎಲೆ ಮತ್ತು ಸುಕ್ಕುಗಟ್ಟಿದ ರಟ್ಟಿನ ತುಂಡುಗಳನ್ನು ಹರಡಿರುತ್ತೇನೆ.

ಕಾಯಿಗಳನ್ನು ಒಂದಕ್ಕೊಂದು ತಾಗದಂತೆ ಇಡುವುದರ ಬಗ್ಗೆ ಮೊದಲೇ ಹೇಳಿದೆ. ಅದಕ್ಕೆ ಆಧಾರ 1958ರಲ್ಲಿ ಕ್ಯಾಲಿಫೋರ್ನಿಯಾದ ಹಫೇಕರ್ ಪ್ರಕಟಿಸಿದ ಪ್ರಯೋಗ. ಅವರು ತಟ್ಟೆಗಳಲ್ಲಿ ಕಿತ್ತಳೆ ಹಣ್ಣುಗಳನ್ನೂ ನಡುನಡುವೆ ರಬ್ಬರ್ ಚೆಂಡುಗಳನ್ನೂ ಜೋಡಿಸಿ, ಹಣ್ಣು ತಿನ್ನುವ ನುಸಿಯನ್ನೂ ಆ ನುಸಿಯನ್ನು ತಿನ್ನುವ ಇನ್ನೊಂದು ನುಸಿಯನ್ನೂ ಬಿಟ್ಟರು. ಹಣ್ಣುಗಳು ಒತ್ತೊತ್ತಾಗಿದ್ದಾಗ ಗಾಸೆಯ ನಳಿಕೆಯಲ್ಲಿ ಆದದ್ದೇ ಆಯಿತು: ಬೇಟೆಗಾರ ಎಲ್ಲವನ್ನೂ ಮುಗಿಸಿ ತಾನೂ ಮುಗಿಯಿತು. ಅನಂತರ ಅವರು ಹಣ್ಣುಗಳ ಸಂಖ್ಯೆಯನ್ನು ಹೆಚ್ಚಿಸಿ, ತಟ್ಟೆಗಳಲ್ಲಿ ವ್ಯಾಸಲೀನಿನ ಗೆರೆಗಳನ್ನೆಳೆದು ನಡೆದು ಹೋಗುವ ದಾರಿಯನ್ನು ಕಠಿಣಗೊಳಿಸಿ, ಬೇಟೆಯ ನುಸಿಗೆ ಮಾತ್ರ ಅನುಕೂಲವಾಗುವಂತೆ ಸಣ್ಣ ಕಡ್ಡಿಗಳನ್ನು ನೆಟ್ಟರು. ಆ ನುಸಿ ಕಡ್ಡಿಯ ತುದಿಗೇರಿ ಎಳೆಯೊಂದನ್ನು ಬಿಟ್ಟು ಗಾಳಿಯಲ್ಲಿ ತೇಲಿ ಹೋಗಬಲ್ಲದು, ಬೇಟೆಗಾರ ನಡೆಯಲೇಬೇಕು. ಆಗ ಎರಡೂ ಜಾತಿಗಳು ಮೂರು ಏರಿಳಿತಗಳನ್ನು ದಾಟುವವರೆಗೆ ಒಟ್ಟಿಗೆ ಉಳಿದವು. ಬೇಟೆ ಒಂದು ಹೆಜ್ಜೆ ಮುಂದಿರುವಂತೆ ಅಂತರ ಮತ್ತು ಅಡೆತಡೆಗಳಿದ್ದರೆ ಇಬ್ಬರೂ ಬದುಕುತ್ತಾರೆ ಎಂಬುದನ್ನು ಕಿತ್ತಳೆಯ ಮೇಲೆ ತೋರಿಸಿದ ಈ ಪ್ರಯೋಗವನ್ನು ಕುಂಬಳಕಾಯಿಯ ಮೇಲೆ ಅನುಸರಿಸಲು ವಿಶೇಷ ಜಾಣ್ಮೆಯೇನೂ ಬೇಕಾಗಲಿಲ್ಲ. ತಿಗಣೆಯ ಪೆಟ್ಟಿಗೆಯಲ್ಲಿ ಒಂದು ಕಾಯಿ ಹಳತಾಗುತ್ತಿರುವಾಗ ಇನ್ನೊಂದು ಹೊಸದಾಗಿ ಬೆಳ್ಳಗಾಗುತ್ತಿರಬೇಕು. ಹುಳುವಿನ ಪೆಟ್ಟಿಗೆಗೆ ಹೋದ ಕಾಯಿ ತಿಗಣೆಯ ಪೆಟ್ಟಿಗೆಗೆ ಎಂದೂ ಮರಳಬಾರದು. ಎರಡು ಪೆಟ್ಟಿಗೆಗಳಲ್ಲಿ ಕೆಲಸ ಮಾಡುವಾಗ ತಿಗಣೆಯದನ್ನು ಮೊದಲು, ಹುಳುವಿನದನ್ನು ಆಮೇಲೆ ಮುಟ್ಟಬೇಕು. ಅಂಗಿಗೆ ಅಂಟಿ ಬಂದ ಒಂದೇ ಒಂದು ಬಸುರಿ ಹುಳು ತಿಗಣೆಯ ಪೆಟ್ಟಿಗೆಯನ್ನು ಬರಿದು ಮಾಡಬಲ್ಲದು, ಏಕೆಂದರೆ ಅದು ಜೀವಮಾನದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ.

ಹೊಸ ಹುಳುಗಳು ಗಾಜಿನ ಮೇಲೆ ಕೂಡಿದಾಗ ಅವುಗಳನ್ನು ಹಿಡಿಯಲು ಹೀರುಗೊಳವೆ ಬೇಕು. ಅಗಲ ಬಾಯಿಯ ಸಣ್ಣ ಶೀಶೆಯ ಮುಚ್ಚಳಕ್ಕೆ ಎರಡು ರಂಧ್ರ ಮಾಡಿ, ಎರಡು ಪ್ಲಾಸ್ಟಿಕ್ ಕೊಳವೆ ತೂರಿಸಿ, ಬಾಯಿಗೆ ಇಟ್ಟುಕೊಳ್ಳುವ ಕೊಳವೆಯ ಒಳತುದಿಗೆ ಮಲ್ಮಲ್ ಬಟ್ಟೆ ಕಟ್ಟಿದರೆ ಅದು ಸಿದ್ಧ. ಬಟ್ಟೆ ಕಟ್ಟುವುದನ್ನು ಮರೆಯಬಾರದು ಎಂದು ಒತ್ತಿ ಹೇಳುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ. ಮೂರನೆಯ ಪೆಟ್ಟಿಗೆಯಲ್ಲಿ ಹುಳುಗಳಿಗೆ ರಟ್ಟಿನ ಮೇಲೆ ನೀರು ಬೆರೆಸಿದ ಜೇನುತುಪ್ಪದ ಸಣ್ಣ ಹನಿಗಳನ್ನು ಇಡುತ್ತೇನೆ. ಹೆಣ್ಣುಗಳು ಮೊಟ್ಟೆಗೆ ಸಿದ್ಧವಾಗಲು ಕೆಲವು ದಿನ ಹಿಡಿಯುತ್ತದೆ, ಆ ಬಳಿಕವೇ ತೋಟಕ್ಕೆ ಬಿಡುವುದು ಒಳ್ಳೆಯದು.

ತೋಟಕ್ಕೆ ಬಿಡುವ ಕೆಲಸ ಸಂಜೆಯದು. ಅದಕ್ಕೂ ಮುಂಚೆ ಇರುವೆಯ ವಿಷಯ ಮುಗಿಸಬೇಕು. ಮಾವು, ಸೀಬೆಯಂಥ ಮರಗಳಲ್ಲಿ ಕಾಂಡದ ಸುತ್ತ ಅಂಟು ಪಟ್ಟಿ ಕಟ್ಟಿದರೆ ಆಯಿತು. ಸಾಲು ಪದ್ಧತಿಯ ಹಿಪ್ಪುನೇರಳೆಯಲ್ಲಿ ಬುಡದಿಂದಲೇ ಹತ್ತಾರು ಕಡ್ಡಿಗಳು ಏಳುವುದರಿಂದ ಅದು ಆಗದ ಮಾತು. ಕಳೆ ತೆಗೆದು, ಬುಡದ ಮಣ್ಣನ್ನು ಕೆದಕಿ ಗೂಡುಗಳನ್ನು ಚದುರಿಸಿ, ಸಾಲಿನಿಂದ ಸಾಲಿಗೆ ಬಾಗಿ ಸೇತುವೆಯಾಗಿರುವ ಕಡ್ಡಿಗಳನ್ನು ಕತ್ತರಿಸುವುದಷ್ಟೇ ಮಾಡಬಹುದಾದದ್ದು. ಇರುವೆ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ತೋಟದಲ್ಲಿ ಅದಕ್ಕೆ ಬೇರೆ ಕೆಲಸಗಳೂ ಇವೆ. ಹುಳು ಮೊಟ್ಟೆಯಿಡುವ ಒಂದೆರಡು ವಾರ ಕಾವಲು ಸಡಿಲವಾದರೆ ಸಾಕು. ಮರಿಗಳು ಹುಟ್ಟಿದ ಮೇಲೆ ಅವುಗಳ ಮೇಣದ ಹೊದಿಕೆಯೇ ಅವನ್ನು ಕಾಯುತ್ತದೆ.

ಆ ಹೊದಿಕೆಯಿಂದ ಬರುವ ತೊಡಕು ನಮ್ಮ ಕಡೆಯಿಂದ. ಬಿಟ್ಟ ಕೆಲವು ವಾರಗಳ ಮೇಲೆ ಪಕ್ಕದ ತೋಟದವರು ಬಂದು, “ಅಣ್ಣ, ನೀವು ಹುಳ ಬಿಟ್ಟ ಮೇಲೆ ಹಿಟ್ಟು ಇನ್ನೂ ದಪ್ಪ ದಪ್ಪ ಆಗಿದೆಯಲ್ಲ, ಹಿಸುಕಿ ಹಾಕಲಾ?” ಎಂದರು. ಅವರು ತೋರಿಸಿದ್ದು ಕ್ರಿಪ್ಟೊಲೀಮಸ್‌ನ ಮರಿಗಳನ್ನೇ. ಗುರುತಿಸುವುದು ಸುಲಭ: ಹುಲ್ಲುಕಡ್ಡಿಯಿಂದ ಮುಟ್ಟಿದರೆ ತಿಗಣೆ ಇದ್ದಲ್ಲೇ ಇರುತ್ತದೆ ಅಥವಾ ನಿಧಾನವಾಗಿ ಕದಲುತ್ತದೆ, ಮರಿಹುಳು ಸರಸರನೆ ಓಡುತ್ತದೆ. ಬೆಳೆದ ಮರಿ ಒಂದು ಸೆಂಟಿಮೀಟರಿಗಿಂತಲೂ ಉದ್ದವಾಗುತ್ತದೆ. ಅಷ್ಟು ದೊಡ್ಡ ಗುಲಾಬಿ ತಿಗಣೆ ಇಲ್ಲ. ಕೂಲಿಗೆ ಬರುವವರಿಗೂ ಇದನ್ನು ತೋರಿಸಿಯೇ ಕುಡಿ ಚಿವುಟಲು ಕಳುಹಿಸುತ್ತೇನೆ.

ಕುಡಿ ಚಿವುಟುವುದರಲ್ಲಿ ಇನ್ನೊಂದು ಸಂಗತಿಯಿದೆ. ತುಕ್ರಾ ಹಿಡಿದ ಕುಡಿಗಳನ್ನು ಕತ್ತರಿಸಿ ಸುಟ್ಟುಬಿಡಿ ಎಂಬುದು ಎಲ್ಲ ಕಡೆಯೂ ಕೊಡುವ ಸಲಹೆ. ತಿಗಣೆಯನ್ನು ತಕ್ಷಣ ತಗ್ಗಿಸಲು ಅದು ಸರಿ. ಆದರೆ ಕುಡಿಯೊಳಗಿನ ಕಣಜದ ಮರಿಗಳೂ ಗುಲಗಂಜಿ ಹುಳುವಿನ ಕೋಶಗಳೂ ಅದರೊಂದಿಗೆ ಬೂದಿಯಾಗುತ್ತವೆ. ಇದಕ್ಕಾಗಿ ಗೂಡಿಗೆ ಸೇರಿದ ನಾಲ್ಕನೆಯ ಭಾಗವೊಂದನ್ನು ಮಾಡಿದೆ. ಕತ್ತರಿಸಿದ ಕುಡಿಗಳನ್ನು ಒಂದು ಬಕೆಟ್ಟಿನಲ್ಲಿ ಸಡಿಲವಾಗಿ ತುಂಬಿ, ಆ ಬಕೆಟ್ಟನ್ನು ಸಾಬೂನು ನೀರು ತುಂಬಿದ ಅಗಲವಾದ ಬಾಣಲಿಯ ನಡುವೆ ಕಲ್ಲಿನ ಮೇಲೆ ಇಡುವುದು; ಬಾಯಿಗೆ ಒಂದು ಹಂಚು ಓರೆಯಾಗಿ ಮುಚ್ಚುವುದು. ರೆಕ್ಕೆಯಿರುವ ಕಣಜ, ಹುಳು, ಚಿಟ್ಟೆ ಹಾರಿ ಹೋಗುತ್ತವೆ. ತೆವಳುವ ತಿಗಣೆಯ ಮರಿ ಬಕೆಟ್ಟಿನಿಂದ ಇಳಿದರೆ ನೀರಿಗೆ ಬೀಳುತ್ತದೆ. ಗಾಳಿಗೆ ಕೆಲವು ತೂರಿ ಹೋಗಬಹುದಾದ್ದರಿಂದ ಇದನ್ನು ತೋಟದಿಂದ ಗಾಳಿ ಹೊರಡುವ ದಿಕ್ಕಿಗೆ, ಸ್ವಲ್ಪ ದೂರದಲ್ಲಿ ಇಟ್ಟಿದ್ದೇನೆ. ಕುಡಿ ಪೂರ್ತಿ ಒಣಗಿ ಗರಿಗರಿಯಾದ ಮೇಲೆ ಸುಡಬಹುದು.

ಕಣಜಗಳನ್ನು ಉಳಿಸಲು ಇಷ್ಟು ಮಾಡುವುದಕ್ಕೆ ಕಾರಣ, ಕ್ರಿಪ್ಟೊಲೀಮಸ್ ಒಂದೇ ಸಾಲದೆಂಬುದು. ಅದು ತಿಗಣೆ ದಟ್ಟವಾಗಿರುವಲ್ಲಿ ಚೆನ್ನಾಗಿ ತಿಂದು ಮೊಟ್ಟೆಯಿಡುವ ಹುಳು. ತಿಗಣೆ ವಿರಳವಾದ ಕೂಡಲೇ ಹಾರಿಹೋಗುತ್ತದೆ. ಅಲ್ಲೊಂದು ಇಲ್ಲೊಂದು ಉಳಿದ ತಿಗಣೆಯನ್ನು ಹುಡುಕಿ ಮುಗಿಸುವುದು ಕಣಜ. ಇವೆರಡರ ನಡುವೆಯೂ ತಿಕ್ಕಾಟವಿದೆ: ಹೊಟ್ಟೆಯಲ್ಲಿ ಕಣಜದ ಎಳೆಯ ಮರಿಯಿರುವ ತಿಗಣೆಯನ್ನೂ ಗುಲಗಂಜಿ ಹುಳು ತಿಂದುಬಿಡುತ್ತದೆ, ತಿಗಣೆ ಒಣಗಿ ಗಟ್ಟಿಯಾದ ಮೇಲೆ ಮಾತ್ರ ಅಷ್ಟಾಗಿ ಮುಟ್ಟುವುದಿಲ್ಲ. ಆದ್ದರಿಂದ ತಿಗಣೆ ಕಡಿಮೆಯಿದ್ದು ಕಣಜ ಓಡಾಡುತ್ತಿರುವ ಸಾಲುಗಳಿಗೆ ಹುಳು ಬಿಡುವುದಿಲ್ಲ; ಕುಡಿ ಕಪ್ಪಾಗುವಷ್ಟು ತಿಗಣೆಯಿರುವ ಸಾಲುಗಳಿಗೇ ಬಿಡುತ್ತೇನೆ.

ಕಣಜದ ಶಕ್ತಿಯನ್ನು ಹಿಪ್ಪುನೇರಳೆ ಬೆಳೆಗಾರರು ಕಣ್ಣಾರೆ ಕಂಡಿದ್ದಾರೆ. ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯಿಯಿಂದ ಹಿಪ್ಪುನೇರಳೆಗೂ ಮರಗೆಣಸಿಗೂ ಹಬ್ಬಿ, ಕಾಂಗ್ರೆಸ್ ಗಿಡದಂಥ ಕಳೆಗಳ ಮೇಲೂ ನೆಲೆಸಿ ಕರ್ನಾಟಕಕ್ಕೂ ಬಂದಿತು. ಅದರೊಂದಿಗೆ ಅದರ ಶತ್ರುಗಳು ಬಂದಿರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಬಹುಬೇಗ ನೆಲೆಯೂರಿ ಆ ತಿಗಣೆಯನ್ನು ಹತೋಟಿಗೆ ತಂದಿತು. ಒಂದು ಜಾತಿ ತನ್ನ ಬಳಗವನ್ನು ಬಿಟ್ಟು ಬಂದರೆ ಏನಾಗುತ್ತದೆ, ಬಳಗದ ಒಬ್ಬರನ್ನಾದರೂ ಕರೆತಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಸುತ್ತಮುತ್ತ ಇಲ್ಲ. ನಮ್ಮ ರೇಷ್ಮೆ ಹುಳುವಿನ ಕತೆಯಲ್ಲಿ ಇದೇ ನಂಟು ತಿರುಗುಮುರುಗಾಗಿದೆ: 1980ರಲ್ಲಿ ಪಶ್ಚಿಮ ಬಂಗಾಳದಿಂದ ರೇಷ್ಮೆಗೂಡುಗಳೊಂದಿಗೆ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಡುತ್ತದೆ, ಆ ನೊಣದ ಕೋಶದಲ್ಲಿ ಮೊಟ್ಟೆಯಿಡುವ ನೆಸೊಲಿಂಕ್ಸ್ ಥೈಮಸ್ ಎಂಬ ಕಣಜವನ್ನು ನಾವೇ ಸಾಕಣೆ ಮನೆಗಳಲ್ಲಿ ಬಿಡುತ್ತೇವೆ.

ತೋಟದಲ್ಲಿ ತಿಗಣೆಯನ್ನು ಸಂಪೂರ್ಣ ಇಲ್ಲವಾಗಿಸುವುದು ನನ್ನ ಗುರಿಯಲ್ಲ. ಬೇಲಿಯ ದಾಸವಾಳದಲ್ಲಿ ಸ್ವಲ್ಪ ತಿಗಣೆ ವರ್ಷವಿಡೀ ಇರುತ್ತದೆ, ಅದನ್ನು ಮುಟ್ಟುವುದಿಲ್ಲ. ಅಲ್ಲಿ ಕಣಜವೂ ಸ್ಪಾಲ್ಗಿಸ್ ಚಿಟ್ಟೆಯೂ ಸಿಮ್ನಸ್ ಹುಳುಗಳೂ ಬದುಕಿಕೊಂಡು, ಸಾಲುಗಳಲ್ಲಿ ತಿಗಣೆ ಏಳುವಾಗ ಅಲ್ಲಿಂದ ಬರುತ್ತವೆ. ಬೇಲಿಗೆ ಔಷಧಿ ಹೊಡೆದರೆ ತೋಟ ಶುಚಿಯಾದಂತೆ ಕಂಡರೂ ಮುಂದಿನ ಬೇಸಿಗೆಯಲ್ಲಿ ತಿಗಣೆ ಮೊದಲು ಬರುತ್ತದೆ, ಅದರ ಶತ್ರುಗಳು ತಡವಾಗಿ ಬರುತ್ತವೆ. ತುಕ್ರಾ ಜೋರಾಗುವುದು ಆ ನಡುವಿನ ಅವಧಿಯಲ್ಲಿಯೇ.

ಪೆಟ್ಟಿಗೆಗಳ ಈಗಿನ ಸ್ಥಿತಿ ಹೀಗಿದೆ. ಮಲ್ಮಲ್ ಬಟ್ಟೆ ಸಿಹಿ ಸ್ರಾವದಿಂದ ಅಂಟಾಗಿ ಗಾಳಿಯಾಡುವುದು ಕಡಿಮೆಯಾಗುವುದರಿಂದ ಪ್ರತಿ ಸರದಿಯ ನಂತರ ಬಿಸಿನೀರಿನಲ್ಲಿ ತೊಳೆಯಬೇಕು; ಮೊಳೆ ಹೊಡೆದ ಬಟ್ಟೆಯನ್ನು ಬಿಚ್ಚುವುದು ತೊಂದರೆಯಾದ್ದರಿಂದ ಒಂದು ಪಕ್ಕಕ್ಕೆ ವೆಲ್‌ಕ್ರೊ ಪಟ್ಟಿ ಹಾಕಿ ನೋಡುತ್ತಿದ್ದೇನೆ, ಅದರ ಎಳೆಗಳ ನಡುವೆ ತೆವಳುವ ಮರಿಗಳು ನುಸುಳದಂತೆ ಒಳಗಿನಿಂದ ತೆಳುವಾಗಿ ವ್ಯಾಸಲೀನ್ ಹಚ್ಚಿದ್ದೇನೆ. ಮಳೆಗಾಲದಲ್ಲಿ ತಿಗಣೆ ತಾನಾಗಿಯೇ ಇಳಿಯುವುದರಿಂದ ಆಗ ಒಂದೇ ಕಾಯಿಯಲ್ಲಿ ತಿಗಣೆಯ ಬೀಜವನ್ನು ಉಳಿಸಿಕೊಂಡು, ಹುಳುವಿನ ಪೆಟ್ಟಿಗೆಯನ್ನು ಬಿಸಿಲಿಗೆ ಹಾಕಿ ಒಣಗಿಸುತ್ತೇನೆ. ಸಿಮ್ನಸ್ ಹುಳುಗಳಿಗಾಗಿ ಇನ್ನೊಂದು ಚಿಕ್ಕ ಪೆಟ್ಟಿಗೆಯ ಚೌಕಟ್ಟು ಸಿದ್ಧವಾಗಿದೆ. ಅವು ಕ್ರಿಪ್ಟೊಲೀಮಸ್‌ಗಿಂತ ಬಹಳ ಚಿಕ್ಕವು, ಹಾಗಾಗಿ ಇದಕ್ಕೆ ಬೇರೆ ಹೀರುಗೊಳವೆ ಬೇಕು. ಎರಡೂ ಜಾತಿಯ ಮರಿಗಳು ಒಂದೇ ಕಾಯಿಯಲ್ಲಿ ಸೇರಿದರೆ ದೊಡ್ಡದು ಚಿಕ್ಕದನ್ನು ತಿನ್ನುವುದರಿಂದ ಅದರ ಮೇಜು, ಬಟ್ಟಲು, ಕಾಯಿಗಳ ಸರದಿ ಎಲ್ಲವೂ ಬೇರೆಯಾಗಿಯೇ ಇರುತ್ತವೆ.